ಅಪ್ಪ ಗೇಟಿನಲ್ಲಿ, ಅಮ್ಮ ಅಂಕದ ಹಾಳೆಯಲ್ಲಿ: ಸಣ್ಣದೊಂದು ಫ್ರೀರೈಡ್ ಸ್ಕೀ ಸ್ಪರ್ಧೆ ನಡೆಯುವ ಬಗೆ

ಬೆಟ್ಟದ ಒಂದು ಕಡಿದಾದ ಮಗ್ಗುಲಿಗೆ ಹಗ್ಗ ಕಟ್ಟಿ ಜನರ ಓಡಾಟ ನಿಲ್ಲಿಸುತ್ತಾರೆ. ಮೇಲೊಂದು ಸ್ಟಾರ್ಟ್ ಗೇಟು, ಕೆಳಗೊಂದು ಫಿನಿಶ್. ನಡುವೆ ಇರುವುದು ಬಂಡೆ, ಮರ, ಕೊರಕಲು, ಹಿಮ. ಎಲ್ಲಿಂದ ಇಳಿಯಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ದಾರಿ ತೋರಿಸಲು ಕಂಬ ನೆಟ್ಟಿರುವುದಿಲ್ಲ, ಗಡಿಯಾರವೂ ಓಡುವುದಿಲ್ಲ. ಸ್ಪರ್ಧಿ ತಾನೇ ಆರಿಸಿಕೊಂಡ ದಾರಿಯಲ್ಲಿ ಇಳಿಯಬೇಕು, ಕೆಳಗೆ ಕೂತ ತೀರ್ಪುಗಾರರು ಅದನ್ನು ನೋಡಿ ಅಂಕ ಹಾಕಬೇಕು. ಫ್ರೀರೈಡ್ ಸ್ಕೀ ಸ್ಪರ್ಧೆ ಎಂದರೆ ಇದು. ಆ ದಾರಿಗೆ ಎಲ್ಲರೂ ಹೇಳುವ ಹೆಸರು ‘ಲೈನ್’.

ಟಿ.ವಿ.ಯಲ್ಲೋ ಮೊಬೈಲಿನಲ್ಲೋ ನಮ್ಮ ಕಣ್ಣಿಗೆ ಬೀಳುವುದು ಇದರ ದೊಡ್ಡ ರೂಪ: ಸ್ವಿಟ್ಜರ್ಲೆಂಡಿನ ವೆರ್ಬಿಯೆ ಊರಿನ ಮೇಲೆ 3,200 ಮೀಟರ್ ದಾಟಿ ನಿಂತ ಬೆಕ್ ದೆ ರಾಸ್ ಶಿಖರ, ಹೆಲಿಕಾಪ್ಟರಿನ ಕ್ಯಾಮೆರಾ, ಫ್ರೀರೈಡ್ ವರ್ಲ್ಡ್ ಟೂರ್. ವೆರ್ಬಿಯೆಯ ಸ್ಪರ್ಧೆ 1996ರಲ್ಲಿ ಸ್ನೋಬೋರ್ಡಿನವರಿಗೆಂದು (ಎರಡೂ ಕಾಲಿಗೆ ಸೇರಿ ಒಂದೇ ಹಲಗೆ) ಶುರುವಾಗಿ 2004ರಲ್ಲಿ ಸ್ಕೀಯವರನ್ನೂ ಸೇರಿಸಿಕೊಂಡಿತು. ಅದು ವಿಶ್ವ ಸರಣಿಯಾಗಿ ಬೆಳೆದದ್ದು 2008ರಲ್ಲಿ. 2022ರಲ್ಲಿ ಅಂತರರಾಷ್ಟ್ರೀಯ ಸ್ಕೀ ಸಂಸ್ಥೆಯಾದ ಎಫ್‌ಐಎಸ್ ಈ ಸರಣಿಯನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. ಆದರೆ ಅಲ್ಲಿಗೆ ಏರುವವರಲ್ಲಿ ಹೆಚ್ಚಿನವರು ಹೊರಡುವುದು ತಮ್ಮೂರಿನ ಬೆಟ್ಟದ ಸಣ್ಣ ಸ್ಪರ್ಧೆಯಿಂದ. ಅಲ್ಲಿ ಎಪ್ಪತ್ತೆಂಬತ್ತು ಮಕ್ಕಳಿರುತ್ತಾರೆ, ಹೆಲಿಕಾಪ್ಟರ್ ಇರುವುದಿಲ್ಲ. ಹಗ್ಗ ಹಿಡಿಯುವವರು, ಅಂಕ ಬರೆಯುವವರು, ಬಿಬ್ (ಎದೆಯ ಮೇಲೆ ತೊಡುವ ಸಂಖ್ಯೆಯ ಬಟ್ಟೆ) ಹಂಚುವವರು, ದೊಡ್ಡ ಪಾತ್ರೆಯಲ್ಲಿ ಸೂಪ್ ಕಾಯಿಸುವವರು ಎಲ್ಲ ಆ ಮಕ್ಕಳ ಅಪ್ಪ ಅಮ್ಮ, ಅಣ್ಣ ಅಕ್ಕ, ಅಜ್ಜ ಅಜ್ಜಿಯರೇ.

ಇದು ಬರೀ ಪ್ರೀತಿಯ ಮಾತಲ್ಲ, ಲೆಕ್ಕದ ಮಾತು. ಓಟದ ಸ್ಪರ್ಧೆಗೆ ಒಂದು ಟೈಮಿಂಗ್ ಯಂತ್ರ ಸಾಕು. ಫ್ರೀರೈಡಿಗೆ ಬೇಕಾದದ್ದು ಕಣ್ಣುಗಳು, ಅದೂ ಬೆಟ್ಟದ ಉದ್ದಗಲಕ್ಕೆ ಹರಡಿಕೊಂಡ ಕಣ್ಣುಗಳು. ಸಂಬಳ ಕೊಟ್ಟು ಅಷ್ಟು ಜನರನ್ನು ತರಲು ಸಣ್ಣ ಕ್ಲಬ್ಬಿಗೆ ಆಗದು, ಹಾಗಾಗಿ ಕೆಲಸ ಮನೆಯವರ ಹೆಗಲಿಗೆ ಬರುತ್ತದೆ. ತೊಡಕು ಶುರುವಾಗುವುದೂ ಇಲ್ಲೇ. ನೋಡಿ ಅಂಕ ಕೊಡುವ ಆಟದಲ್ಲಿ ನೋಡುವವರೇ ನೆಂಟರಾದರೆ ಏನು ಗತಿ? ಊರಿನ ಶಾಲಾ ವಾರ್ಷಿಕೋತ್ಸವದಲ್ಲಿ ತೀರ್ಪುಗಾರರ ಮಗಳಿಗೆ ಮೊದಲ ಬಹುಮಾನ ಬಂದರೆ ಏಳುವ ಗುಸುಗುಸು ನಮಗೆಲ್ಲ ಗೊತ್ತು. ಮನೆಯವರಿಲ್ಲದೆ ಸ್ಪರ್ಧೆ ನಡೆಯದು, ಮನೆಯವರು ಅಂಕದ ಹತ್ತಿರ ಸುಳಿದರೆ ಸ್ಪರ್ಧೆ ಉಳಿಯದು. ಸಣ್ಣ ಫ್ರೀರೈಡ್ ಸ್ಪರ್ಧೆಯ ನಿಯಮಗಳಲ್ಲಿ ಅರ್ಧಕ್ಕರ್ಧ ಹುಟ್ಟಿದ್ದು ಈ ಇಕ್ಕಟ್ಟಿನಿಂದ.

ಒಂದೇ ಮನೆಯ ಹೆಸರುಗಳು

ಈ ಆಟದ ಚರಿತ್ರೆಯೇ ಮನೆತನದ ವಂಶಾವಳಿಯಂತಿದೆ. 1991ರಲ್ಲಿ ಅಲಾಸ್ಕದ ವಾಲ್ಡೀಜ್ ಬಳಿ ಮೊದಲ ವಿಶ್ವ ಎಕ್ಸ್‌ಟ್ರೀಮ್ ಸ್ಕೀ ಚಾಂಪಿಯನ್‌ಷಿಪ್ ನಡೆಯಿತು. ಮರುವರ್ಷ ಕೊಲರಾಡೊದ ಕ್ರೆಸ್ಟೆಡ್ ಬ್ಯೂಟ್‌ನಲ್ಲಿ ಅಮೆರಿಕದ ಸ್ಪರ್ಧೆ. ಆ ದಿನಗಳಲ್ಲಿ ನಿಯಮ, ಅಂಕ, ಸುರಕ್ಷತೆ ಎಲ್ಲವೂ ಆಯೋಜಕರ ಮರ್ಜಿಗೆ ಬಿಟ್ಟ ವಿಷಯ. ಸ್ಪರ್ಧಿಗಳೇ ಸೇರಿ ನಿಯಮ ಕಟ್ಟಬೇಕೆಂದು 1996ರಲ್ಲಿ ಐಎಫ್‌ಎಸ್‌ಎ ಎಂಬ ಸಂಘ ಮಾಡಿಕೊಂಡರು. ಇಂದು ಉತ್ತರ ಅಮೆರಿಕದ ಕಿರಿಯರ ಫ್ರೀರೈಡ್ ಸ್ಪರ್ಧೆಗಳಲ್ಲಿ ಹೆಚ್ಚಿನವು ನಡೆಯುವುದು ಅದರ ಚೌಕಟ್ಟಿನಲ್ಲಿ. ಅದನ್ನು ಕಟ್ಟಲು ಮುಂದೆ ನಿಂತವರಲ್ಲಿ ಒಬ್ಬರು ಶೇನ್ ಮೆಕಾಂಕಿ. ಅವರ ತಂದೆ ಜಿಮ್ ಮೆಕಾಂಕಿ ಕೆನಡಾದಲ್ಲಿ ಕಡಿದಾದ ಆಳಹಿಮದ ಸ್ಕೀಯಿಂಗ್‌ಗೆ ದಾರಿ ಹಾಕಿಕೊಟ್ಟವರು. ತಾಯಿ ಗ್ಲೆನ್ ಕೂಡ ಹಿರಿಯರ ವಿಭಾಗದ ಸ್ಕೀ ಸ್ಪರ್ಧಿ. ಶೇನ್ 2009ರಲ್ಲಿ ಇಟಲಿಯ ಡಾಲಮೈಟ್ಸ್‌ನಲ್ಲಿ ತೀರಿಕೊಂಡರು.

ವಾಷಿಂಗ್ಟನ್ ರಾಜ್ಯದ ಕ್ರಿಸ್ಟಲ್ ಮೌಂಟನ್‌ನಲ್ಲಿ ಬೆಳೆದ ಬ್ಯಾಕ್‌ಸ್ಟ್ರಾಮ್ ಮನೆಯದು ಇನ್ನೊಂದು ಕತೆ. ಇಂಗ್ರಿಡ್ ಮತ್ತು ಆರ್ನಿ ಸ್ಕೀ ಮೇಲೆ, ರಾಲ್ಫ್ ಸ್ನೋಬೋರ್ಡ್ ಮೇಲೆ: ಒಡಹುಟ್ಟಿದ ಮೂವರೂ ಇದೇ ಆಟದ ಮುಂಚೂಣಿಗೆ ಬಂದರು. ಆರ್ನಿ 2010ರಲ್ಲಿ ಪೆರುವಿನ ಪರ್ವತದಲ್ಲಿ ಪ್ರಾಣ ಬಿಟ್ಟರು. ಒಂದೇ ಮನೆಯಲ್ಲಿ ಇಷ್ಟು ಜನ ಏಕೆ? ಕಡಿದಾದ ಇಳಿಜಾರನ್ನು ಓದುವ ವಿದ್ಯೆ ಪುಸ್ತಕದಿಂದ ಬರುವುದಿಲ್ಲ. ಎಂಟು ವರ್ಷದ ಮಗು ಅಪ್ಪನ ಸ್ಕೀ ಗೆರೆ ಹಿಡಿದು ಅದೇ ಬೆಟ್ಟವನ್ನು ನೂರು ಸಲ ಇಳಿದಾಗ ಯಾವ ಬಂಡೆಯ ಹಿಂದೆ ಗಾಳಿ ಹಿಮ ತಂದು ಸುರಿಯುತ್ತದೆ, ಯಾವ ಮೂಲೆ ಮಧ್ಯಾಹ್ನಕ್ಕೆ ಮಂಜುಗಡ್ಡೆಯಾಗುತ್ತದೆ ಎಂಬುದು ಕಾಲಿಗೇ ತಿಳಿಯುತ್ತದೆ.

ಬೆಟ್ಟವೇ ಮನೆಯವರದ್ದಾದ ಉದಾಹರಣೆಯೂ ಇದೆ. ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್ 1948ರಲ್ಲಿ ಶುರುವಾದ ಸ್ಕೀ ತಾಣ. ಒಂದು ಸಲಕ್ಕೆ ಒಬ್ಬರನ್ನೇ ಮೇಲೆ ಒಯ್ಯುವ ಒಂಟಿ ಕುರ್ಚಿಯ ಲಿಫ್ಟು ಅದರ ಗುರುತು. 1995ರಲ್ಲಿ ಒಡತಿ ಬೆಟ್ಸಿ ಪ್ರಾಟ್ ಅದನ್ನು ಸ್ಕೀಯರ್‌ಗಳ ಸಹಕಾರ ಸಂಘಕ್ಕೇ ಮಾರಿದರು. ನಮ್ಮೂರ ಹಾಲಿನ ಸೊಸೈಟಿಯ ಹಾಗೆ ಇದೂ ಷೇರುದಾರರ ಆಸ್ತಿ. ಷೇರು ಹೊಂದಿದವರಲ್ಲಿ ಅಲ್ಲೇ ಸ್ಕೀ ಕಲಿತ ಕುಟುಂಬಗಳು ಬಹಳ. ಅಲ್ಲಿನ ‘ಟ್ರಿಪಲ್ ಕ್ರೌನ್’ ಎಂಬ ಸ್ಥಳೀಯ ಪಂದ್ಯಾವಳಿಯಲ್ಲಿ ಒಂದು ಭಾಗ ಬಂಡೆ, ಮರ, ಗುಡ್ಡೆಗಳ ನಡುವಿನ ಇಳಿತಕ್ಕೆ ಮೀಸಲು. ಒಂದು ಸ್ಪರ್ಧೆ ಎಷ್ಟು ಸಣ್ಣದಿರಬಹುದು, ಎಷ್ಟು ಗಟ್ಟಿಯಾಗಿರಬಹುದು ಎರಡಕ್ಕೂ ಅದು ಒಳ್ಳೆಯ ಮಾದರಿ.

ಕೆಳಗಿನಿಂದ ಕಂಡದ್ದು ಮೇಲಿನಿಂದ ಕಾಣುವುದಿಲ್ಲ

ಸ್ಪರ್ಧೆ ನಡೆಯುವ ಮಗ್ಗುಲನ್ನು ‘ಫೇಸ್’ ಎನ್ನುತ್ತಾರೆ. ಸ್ಪರ್ಧೆಗೆ ಕೆಲವು ದಿನ ಮೊದಲೇ ಅದನ್ನು ಮುಚ್ಚುವುದುಂಟು, ಹಿಮ ಕೆಡಬಾರದು ಮತ್ತು ಊರಿನ ಮಕ್ಕಳಿಗೆ ಹೆಚ್ಚುವರಿ ಅಭ್ಯಾಸ ಸಿಗಬಾರದು ಎಂದು. ವೆರ್ಬಿಯೆಯಂಥ ದೊಡ್ಡ ಸ್ಪರ್ಧೆಯಲ್ಲಿ ಎದುರು ಬೆಟ್ಟದಿಂದ ದುರ್ಬೀನು ಹಿಡಿದು ನೋಡುವುದಷ್ಟೇ. ಫೇಸ್ ಮೇಲೆ ಕಾಲಿಡುವಂತಿಲ್ಲ. ಕಿರಿಯರ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಹಿಂದಿನ ದಿನ ಕೋಚ್ ಜೊತೆ ನಿಧಾನವಾಗಿ ಇಳಿದು ನೋಡಲು ಬಿಡುತ್ತಾರೆ. ಬಂಡೆಯ ಅಂಚಿಗೆ ಹೋಗಿ ಇಣುಕಬಹುದು, ಹಾರುವಂತಿಲ್ಲ.

ಮಕ್ಕಳು ಅತಿ ಹೆಚ್ಚು ಎಡವುವುದು ಈ ಹಂತದಲ್ಲಿ. ಕೆಳಗೆ ನಿಂತು ನೋಡಿದಾಗ ಹಾರಬೇಕಾದ ಬಂಡೆ ಢಾಳಾಗಿ ಕಾಣುತ್ತದೆ: ಕಪ್ಪು ಮುಖ, ಪಕ್ಕದಲ್ಲಿ ಒಣಗಿದ ಮರ. ಮೇಲಿನಿಂದ ಇಳಿಯುತ್ತ ಬಂದಾಗ ಅದೇ ಬಂಡೆ ಮಾಯ. ಬಂಡೆಯ ನೆತ್ತಿಯ ಮೇಲೂ ಹಿಮ, ಸುತ್ತಲೂ ಹಿಮ; ಅಂಚಿನಾಚೆ ಏನೂ ಕಾಣದು. ಎಡ ಬಲ ಕೂಡ ತಿರುಗಿಬಿಡುತ್ತವೆ. ಎರಡು ಮೀಟರ್ ಪಕ್ಕಕ್ಕೆ ಹೋದರೂ ಮೂರು ಮೀಟರ್ ಜಿಗಿತ ಏಳು ಮೀಟರ್ ಆಗಬಹುದು, ಕೆಳಗೆ ಹಿಮದ ಬದಲು ಕಲ್ಲಿರಬಹುದು.

ಪರಿಹಾರ ಸರಳ, ಶ್ರದ್ಧೆ ಬೇಕು. ಫೇಸ್‌ನ ಫೋಟೊ ತೆಗೆದು, ಫೋನನ್ನು ತಲೆಕೆಳಗು ಹಿಡಿದು ನೋಡಬೇಕು. ಆಗ ಎಡ ಬಲ ಇಳಿಯುವವರಿಗೆ ಕಾಣುವ ಕಡೆಗೇ ಬರುತ್ತವೆ. ಪ್ರತಿ ತಿರುವಿಗೂ ಮೇಲಿನಿಂದ ಕಾಣುವಂಥ ಒಂದೊಂದು ಗುರುತು ಇಟ್ಟುಕೊಳ್ಳಬೇಕು. ಕವಲೊಡೆದ ಮರ ಆಗಬಹುದು, ಬಿಸಿಲಿಗೆ ಬೋಳಾದ ಕಲ್ಲು ಆಗಬಹುದು. ನೆರಳು ಆಗದು, ಏಕೆಂದರೆ ಹಿಂದಿನ ದಿನ ಎರಡು ಗಂಟೆಗೆ ನೋಡಿದ ನೆರಳು ಸ್ಪರ್ಧೆಯ ಬೆಳಗ್ಗೆ ಅಲ್ಲಿರುವುದಿಲ್ಲ. ಆಮೇಲೆ ಮಗು ಕಣ್ಣು ಮುಚ್ಚಿಕೊಂಡು ತನ್ನ ಲೈನನ್ನು ಬಾಯಲ್ಲಿ ಹೇಳಬೇಕು: ‘ಗೇಟಿನಿಂದ ಎರಡು ತಿರುವು, ಕವಲು ಮರ ಎಡಕ್ಕೆ, ನೇರ, ಜಿಗಿತ, ಬಲಕ್ಕೆ ಹೊರಳು.’ ಎಲ್ಲಿ ತಡವರಿಸುತ್ತದೋ ಅಲ್ಲಿ ನೋಡಿದ್ದು ಸಾಲದು ಎಂದು ಅರ್ಥ. ಅಪ್ಪ ಅಮ್ಮ ಸ್ಪರ್ಧೆಯ ಹಿಂದಿನ ರಾತ್ರಿ ಮಾಡಬಹುದಾದ ಅತ್ಯುತ್ತಮ ಸಹಾಯ ಇದನ್ನು ಕೂತು ಕೇಳುವುದು. ತಾವೇ ಲೈನ್ ಆರಿಸಿಕೊಡುವುದು ಅತ್ಯಂತ ಕೆಟ್ಟದ್ದು.

ಜಿಗಿತದ ಎತ್ತರಕ್ಕಿಂತ ಬೀಳುವ ಜಾಗದ ಇಳಿಜಾರು ಮುಖ್ಯ. ಮನೆಯವರಿಗೆ ಇದನ್ನು ಲೆಕ್ಕದಲ್ಲಿ ತೋರಿಸಿದರೆ ಬೇಗ ಮನದಟ್ಟಾಗುತ್ತದೆ. ಮೂರು ಮೀಟರ್ ಕೆಳಗೆ ಬಿದ್ದಾಗ ದೇಹ ಕೆಳಮುಖವಾಗಿ ಸೆಕೆಂಡಿಗೆ ಸುಮಾರು 7.7 ಮೀಟರ್, ಅಂದರೆ ಗಂಟೆಗೆ 28 ಕಿ.ಮೀ. ವೇಗದಲ್ಲಿರುತ್ತದೆ. ಸಮತಟ್ಟು ಜಾಗದಲ್ಲಿ ಅಷ್ಟನ್ನೂ ಮೊಣಕಾಲು ಬೆನ್ನು ನುಂಗಿಕೊಳ್ಳಬೇಕು. ಅದೇ ಜಿಗಿತವನ್ನು 40 ಡಿಗ್ರಿ ಇಳಿಜಾರಿನ ಮೇಲೆ, ಮುಂದಕ್ಕೆ ಗಂಟೆಗೆ 18 ಕಿ.ಮೀ. ವೇಗವಿಟ್ಟುಕೊಂಡು ಮಾಡಿದರೆ ಹಿಮಕ್ಕೆ ನೇರವಾಗಿ ಅಪ್ಪಳಿಸುವ ವೇಗ ಸೆಕೆಂಡಿಗೆ 2.7 ಮೀಟರಿಗೆ ಇಳಿಯುತ್ತದೆ. ಅದು 36 ಸೆಂ.ಮೀ. ಎತ್ತರದ ಸ್ಟೂಲಿನಿಂದ ನೆಲಕ್ಕೆ ಜಿಗಿದಷ್ಟೇ ಪೆಟ್ಟು; ಉಳಿದ ವೇಗ ಇಳಿಜಾರಿನಗುಂಟ ಮುಂದಕ್ಕೆ ಹೋಗುತ್ತದೆ. ಹಾಗಾಗಿ ‘ಸಣ್ಣ ಬಂಡೆ ತಾನೆ, ಹಾರು’ ಎಂದು ಕೆಳಗಿನಿಂದ ಕೂಗುವ ಮಾವನ ಮಾತು ಅಪಾಯಕಾರಿ. ಸಮತಟ್ಟಿಗೆ ಬೀಳುವ ಒಂದೂವರೆ ಮೀಟರ್, ಕಡಿದಾದ ಮೆತ್ತನೆ ಹಿಮಕ್ಕೆ ಬೀಳುವ ನಾಲ್ಕು ಮೀಟರಿಗಿಂತ ಜೋರು ಪೆಟ್ಟು ಕೊಡಬಲ್ಲದು. ಅಂಚಿನಲ್ಲಿ ಹೆದರಿ ವೇಗ ಕಳೆದುಕೊಳ್ಳುವುದೂ ಇದೇ ಕಾರಣಕ್ಕೆ ಕೆಟ್ಟದ್ದು: ಮುಂದಕ್ಕೆ ವೇಗವಿಲ್ಲದೆ ಬಂಡೆಯ ಬುಡಕ್ಕೇ ಬಿದ್ದರೆ ಅಲ್ಲಿ ಹಿಮ ತೆಳು.

ಐದು ಕಾಲಂ

ಫ್ರೀರೈಡ್ ವರ್ಲ್ಡ್ ಟೂರ್‌ನಲ್ಲಿ ಇಡೀ ಇಳಿತ ಮನಸ್ಸಿನಲ್ಲಿ ಮೂಡಿಸಿದ ಒಟ್ಟು ಪರಿಣಾಮಕ್ಕೆ 100ರೊಳಗೆ ಒಂದು ಅಂಕ ಬರುತ್ತದೆ. ಉತ್ತರ ಅಮೆರಿಕದ ಕಿರಿಯರ ಸ್ಪರ್ಧೆಗಳಲ್ಲಿ ಅದನ್ನೇ ಐದು ಕಾಲಂಗಳಾಗಿ ಬಿಡಿಸುತ್ತಾರೆ: ಲೈನಿನ ಕಠಿಣತೆ, ಹಿಡಿತ, ಹರಿವು, ತಂತ್ರ, ಶೈಲಿ ಮತ್ತು ಹುರುಪು.

ಲೈನ್ ಎಂದರೆ ಆರಿಸಿದ ದಾರಿ ಎಷ್ಟು ಕಡಿದು, ಕೆಳಗೆ ಬಂಡೆಯಿದ್ದು ಬಿದ್ದರೆ ಎಷ್ಟು ಅಪಾಯ, ಜಿಗಿತ ಎಷ್ಟು, ಬೇರೆಯವರು ಹೋಗದ ಜಾಗವೇ ಎಂಬುದು. ಹರಿವಿಗೆ ಪೆಟ್ಟು ಕೊಡುವುದು ನಿಲ್ಲುವುದು, ಅಂಚಿನಲ್ಲಿ ಯೋಚಿಸುತ್ತ ನಿಧಾನಿಸುವುದು, ಅಡ್ಡಡ್ಡ ಜಾರಿಕೊಂಡು ದಾರಿ ಹುಡುಕುವುದು. ತಂತ್ರ ಮತ್ತು ಶೈಲಿ ಹೆಸರೇ ಹೇಳುವಂತೆ. ಬಹುತೇಕ ಸ್ಪರ್ಧೆಗಳು ಸೋಲುವುದು ಗೆಲ್ಲುವುದು ಹಿಡಿತದ ಕಾಲಂನಲ್ಲಿ. ಜಿಗಿದು ನೆಲಮುಟ್ಟಿದಾಗ ಕೈ ಹಿಮಕ್ಕೆ ತಗುಲಿತೆ, ಸೊಂಟ ತಗುಲಿತೆ, ಬೆನ್ನು ಪೂರ್ತಿ ಬಡಿಯಿತೆ? ಮೂರಕ್ಕೂ ಕಡಿತ ಬೇರೆ ಬೇರೆ. ಬೆನ್ನು ಬಡಿಯುವುದಕ್ಕೆ ‘ಬ್ಯಾಕ್‌ಸ್ಲ್ಯಾಪ್’ ಎನ್ನುತ್ತಾರೆ; ಹಾರುವಾಗ ಭಾರ ಹಿಂದಕ್ಕೆ ಹೋದದ್ದೇ ಅದಕ್ಕೆ ಕಾರಣ, ಭಾರ ಹಿಂದಕ್ಕೆ ಹೋಗಲು ಕಾರಣ ಹೆಚ್ಚಾಗಿ ಭಯ.

ಮನೆಯವರಿಗೆ ಅರ್ಥವಾಗದೆ ಜಗಳಕ್ಕೆ ಎಡೆಯಾಗುವ ಜಾಗ ಇದು: ‘ನಮ್ಮವನು ದೊಡ್ಡ ಬಂಡೆ ಹಾರಿದ, ಆ ಹುಡುಗಿ ಸಣ್ಣದು ಹಾರಿದಳು, ಅವಳಿಗೆ ಹೇಗೆ ಹೆಚ್ಚು?’ ಊಹೆಯ ಒಂದು ಹಾಳೆ ನೋಡಿ, ಪ್ರತಿ ಕಾಲಂಗೆ 10. ಹುಡುಗನಿಗೆ ಲೈನ್ 7.5, ಹಿಡಿತ 5, ಹರಿವು 6, ತಂತ್ರ 6.5, ಶೈಲಿ 7, ಒಟ್ಟು 32. ಹುಡುಗಿಗೆ ಲೈನ್ 6, ಹಿಡಿತ 7.5, ಹರಿವು 7.5, ತಂತ್ರ 7, ಶೈಲಿ 6.5, ಒಟ್ಟು 34.5. ದೊಡ್ಡ ಬಂಡೆ ಒಂದೂವರೆ ಅಂಕ ತಂದಿತು, ಬ್ಯಾಕ್‌ಸ್ಲ್ಯಾಪ್ ಮತ್ತು ಆಮೇಲಿನ ತಡವರಿಕೆ ನಾಲ್ಕು ಅಂಕ ಕಸಿಯಿತು. ಕೈಲಾಗುವ ಲೈನನ್ನು ಸ್ವಚ್ಛವಾಗಿ ಇಳಿದವರು ಗೆಲ್ಲುವಂತೆ ಈ ಪದ್ಧತಿಯನ್ನು ಬೇಕೆಂದೇ ಹೆಣೆದಿದ್ದಾರೆ. ಹದಿಮೂರರ ಮಕ್ಕಳ ಆಟದಲ್ಲಿ ಅದೇ ಸರಿ ಎಂಬುದು ನಮ್ಮ ದೃಢ ಅಭಿಪ್ರಾಯ.

ಪ್ರತಿ ತೀರ್ಪುಗಾರರ ಪಕ್ಕದಲ್ಲಿ ಒಬ್ಬ ಬರೆಯುವವರಿರುತ್ತಾರೆ. ತೀರ್ಪುಗಾರರ ಕಣ್ಣು ಸ್ಪರ್ಧಿಯ ಮೇಲಿಂದ ಕದಲಬಾರದು, ಅದಕ್ಕೆ. ಅವರು ದುರ್ಬೀನಿನಿಂದ ಕಣ್ಣು ತೆಗೆಯದೆ ಹೇಳುತ್ತ ಹೋಗುತ್ತಾರೆ, ಇವರು ಹಾಳೆಗೆ ಇಳಿಸುತ್ತಾರೆ: ‘ಬಿಬ್ 27, ಎಡದ ಪ್ರವೇಶ, ವೇಗ ಚೆನ್ನ, ಮಧ್ಯದ ಬಂಡೆ, ಮೂರು ಮೀಟರ್, ಕೈ ತಗುಲಿತು, ಬೇಗ ಸುಧಾರಿಸಿದ, ಕೆಳಗೆ ಒಂದು ನಿಲುಗಡೆ.’ ಹಾಳೆಯ ಅತಿ ಸಾಮಾನ್ಯ ತಪ್ಪು ಎಡ ಬಲದ್ದೇ. ಬೆಟ್ಟವನ್ನು ಎದುರಿನಿಂದ ನೋಡುವವರ ಎಡ ಇಳಿಯುವವರ ಬಲ. ಸ್ಪರ್ಧೆ ಶುರುವಾಗುವ ಮೊದಲೇ ‘ಇವತ್ತು ನೋಡುವವರ ಎಡವೇ ಎಡ’ ಎಂದು ಮುಖ್ಯ ತೀರ್ಪುಗಾರರು ಗಟ್ಟಿಯಾಗಿ ಹೇಳಿ ಎಲ್ಲರ ಬಾಯಲ್ಲಿ ಹೇಳಿಸಬೇಕು. ಇನ್ನೊಂದು ತಪ್ಪು ಬಿಬ್ ಸಂಖ್ಯೆ. ಸರದಿ ಬಿಟ್ಟುಹೋದ ಒಬ್ಬ ಸ್ಪರ್ಧಿಯಿಂದ ಮುಂದಿನ ಇಪ್ಪತ್ತು ಜನರ ಅಂಕ ಒಂದೊಂದು ಸಾಲು ಜಾರಿಬಿಡಬಹುದು. ಆದ್ದರಿಂದ ಗೇಟಿನವರು ರೇಡಿಯೊದಲ್ಲಿ ಪ್ರತಿ ಸಲ ಸಂಖ್ಯೆ ಹೇಳಬೇಕು, ಬರೆಯುವವರು ಅದನ್ನು ತಿರುಗಿ ಹೇಳಬೇಕು, ಫಿನಿಶ್‌ನಲ್ಲಿರುವವರು ಎದೆಯ ಮೇಲಿನ ಬಿಬ್ ನೋಡಿ ಮೂರನೇ ಸಲ ಖಚಿತಪಡಿಸಬೇಕು.

ಪೆನ್ ತರಬಾರದು, ಪೆನ್ಸಿಲ್ ತರಬೇಕು. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಬಾಲ್‌ಪೆನ್ನಿನ ಇಂಕು ಗಟ್ಟಿಯಾಗಿ ಹಾಳೆ ಗೀರುತ್ತದೆ, ಅಕ್ಷರ ಮೂಡುವುದಿಲ್ಲ.

ಮಗಳ ಸರದಿ ಬಂದಾಗ

ಸಣ್ಣ ಊರಿನಲ್ಲಿ ಸ್ಕೀ ಗೊತ್ತಿದ್ದು ಅಂಕ ಹಾಕಬಲ್ಲವರು ನಾಲ್ಕೈದು ಜನ. ಅವರಲ್ಲಿ ಇಬ್ಬರ ಮಕ್ಕಳು ಸ್ಪರ್ಧೆಯಲ್ಲಿರುತ್ತಾರೆ. ಏನು ಮಾಡಬೇಕು? ಮೊದಲ ದಾರಿ, ಮಗು ಇರುವ ವಯೋವರ್ಗಕ್ಕೆ ಆ ತೀರ್ಪುಗಾರರನ್ನು ಕೂರಿಸದಿರುವುದು. 12ರೊಳಗಿನವರಿಂದ 19ರೊಳಗಿನವರವರೆಗೆ ವರ್ಗಗಳಿದ್ದು, ಹುಡುಗರು ಹುಡುಗಿಯರು ಬೇರೆ, ಸ್ಕೀ ಸ್ನೋಬೋರ್ಡ್ ಬೇರೆ. ಹಾಗಾಗಿ ಬದಲಾಯಿಸಿ ಕೂರಿಸಲು ಜಾಗ ಸಿಗುತ್ತದೆ. ಎರಡನೆಯದು, ನೆರೆಯ ಬೆಟ್ಟದ ಕ್ಲಬ್ಬಿನೊಡನೆ ತೀರ್ಪುಗಾರರ ಕೊಡುಕೊಳ್ಳುವಿಕೆ. ಒಂದೇ ಮಗುವಿನ ಸರದಿಗೆ ಮಾತ್ರ ಎದ್ದುಹೋಗುವುದು ಸಾಲದು. ಉಳಿದ ಇಪ್ಪತ್ತು ಮಕ್ಕಳಿಗೆ ಕಡಿಮೆ ಹಾಕಿದರೂ ತನ್ನ ಮಗುವಿಗೆ ಲಾಭವೇ, ಅದು ಉದ್ದೇಶವಿಲ್ಲದೆಯೂ ಆಗಬಹುದು.

ಬರೆಯುವವರ ವಿಷಯದಲ್ಲಿ ಇಷ್ಟು ಬಿಗಿ ಬೇಕಿಲ್ಲ, ಆದರೂ ಮಗಳ ವರ್ಗ ಬಂದಾಗ ಅಮ್ಮ ಪೆನ್ಸಿಲ್ಲನ್ನು ಬೇರೆಯವರಿಗೆ ಕೊಟ್ಟು ಸೂಪಿನ ಪಾತ್ರೆಯ ಕಡೆಗೋ ಫಿನಿಶ್ ಕಡೆಗೋ ಹೋಗುವುದು ಚೆನ್ನ. ಮಗಳು ಗೇಟಿನಲ್ಲಿ ನಿಂತಾಗ ಅಮ್ಮನ ಕೈ ನಡುಗುತ್ತದೆ, ನಡುಗುವ ಕೈಯ ಹಾಳೆ ಓದಲಾಗದು. ಸ್ಟಾರ್ಟ್ ಗೇಟಿಗೂ ಇದೇ ಮಾತು. ಹೊರಡುವ ಕ್ಷಣದಲ್ಲಿ ಅಪ್ಪನ ಮುಖ ಕಂಡರೆ ಕೆಲ ಮಕ್ಕಳಿಗೆ ಧೈರ್ಯ, ಕೆಲವರಿಗೆ ಹಟ. ಹಟದಿಂದ ಹೊರಟ ಮಗು ನಿನ್ನೆ ಆರಿಸಿದ ಲೈನ್ ಬಿಟ್ಟು ದೊಡ್ಡದಕ್ಕೆ ಕೈಹಾಕುತ್ತದೆ. ತನ್ನ ಮಗುವಿನ ವರ್ಗ ಹೊರಡುವ ಹೊತ್ತಿಗೆ ಗೇಟಿನಲ್ಲಿ ಬೇರೆ ಯಾರಾದರೂ ಇರಲಿ. ಅಲ್ಲಿ ಬೇಕಾದ ಮಾತು ಕೋಚ್‌ನದು, ಅದೂ ಚುಟುಕಾಗಿ.

ಅಂಕದ ಬಗ್ಗೆ ತಕರಾರಿದ್ದರೆ ಕೋಚ್ ಮೂಲಕ ಮುಖ್ಯ ತೀರ್ಪುಗಾರರಿಗೆ ಹೋಗಬೇಕು. ಅಪ್ಪ ಅಮ್ಮ ತೀರ್ಪುಗಾರರ ಟೆಂಟಿನ ಬಳಿ ಹೋಗುವಂತಿಲ್ಲ. ಬಿಬ್ ಅದಲುಬದಲು, ಕೂಡಿಕೆಯ ತಪ್ಪು, ಯಾರೋ ಫೇಸ್ ಮೇಲೆ ಅಡ್ಡ ಬಂದದ್ದು: ಇವಕ್ಕೆ ಪರಿಹಾರವಿದೆ, ಅಡ್ಡ ಬಂದಿದ್ದರೆ ಮತ್ತೊಮ್ಮೆ ಇಳಿಯಲು ಬಿಡಬಹುದು. ‘ಶೈಲಿಗೆ ಅರ್ಧ ಅಂಕ ಕಡಿಮೆ ಆಯಿತು’ ಎಂಬುದಕ್ಕೆ ಪರಿಹಾರವಿಲ್ಲ. ಮಾರನೆಯ ದಿನ ಅದೇ ಜನ ಒಂದೇ ಅಂಗಡಿಯಲ್ಲಿ ಹಾಲು ಬ್ರೆಡ್ ಕೊಳ್ಳಬೇಕಾದ ಊರಿನಲ್ಲಿ ಈ ಗೆರೆ ಎಷ್ಟು ಸ್ಪಷ್ಟವಾಗಿದ್ದರೆ ಅಷ್ಟು ನೆಮ್ಮದಿ.

ಅಣ್ಣನ ಸ್ಕೀ ತಂಗಿಗೆ

ಸ್ಕೀ ಸಾಮಾನು ದುಬಾರಿ. ಮನೆಯಲ್ಲಿ ದೊಡ್ಡವನದ್ದು ಚಿಕ್ಕವಳಿಗೆ ಬರುವುದು ಸಹಜ, ತಪ್ಪೂ ಅಲ್ಲ. ಅಪಘಾತವಾಗುವುದು ಹಾಗೇ ಕಾಲಿಗೆ ಹಾಕಿಕೊಂಡಾಗ.

ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಬೈಂಡಿಂಗ್‌ಗೆ ಎರಡು ಕೆಲಸ: ಮಾಮೂಲಿ ಇಳಿತದಲ್ಲಿ ಬಿಡಬಾರದು, ಕಾಲು ಮುರಿಯುವಷ್ಟು ತಿರುಚಿದಾಗ ಬಿಟ್ಟುಕೊಡಬೇಕು. ಯಾವ ಬಲಕ್ಕೆ ಬಿಡಬೇಕೆಂಬ ಸಂಖ್ಯೆಯನ್ನು ಡಿನ್ ಎನ್ನುತ್ತಾರೆ. ಅದು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಸ್ಕೀ ಮಾಡುವ ರೀತಿ ಇವುಗಳಿಂದ ಕೋಷ್ಟಕ ನೋಡಿ ಇಡುವ ಸಂಖ್ಯೆ. ಅಣ್ಣ 70 ಕಿಲೊ, ತಂಗಿ 48 ಕಿಲೊ. ಅವನ ಡಿನ್‌ನಲ್ಲಿ ಅವಳು ಬಿದ್ದರೆ ಸ್ಕೀ ಬಿಡುವುದಿಲ್ಲ, ಮೊಣಕಾಲಿನ ಅಸ್ಥಿರಜ್ಜು ಹರಿಯಬಹುದು. ಅಟ್ಟೆಯ ಉದ್ದ ಬೂಟಿನ ಹಿಮ್ಮಡಿಯ ಪಕ್ಕ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ. ಅದು ಬದಲಾದರೆ ಹಿಂಬದಿಯ ತುಂಡನ್ನು ಸರಿಸಿ, ಬೂಟನ್ನು ಮುಂದಕ್ಕೆ ಒತ್ತುವ ಸ್ಪ್ರಿಂಗಿನ ಒತ್ತಡವನ್ನೂ ಹೊಸದಾಗಿ ಹೊಂದಿಸಬೇಕು. ಬೂಟು ಕಚ್ಚಿಕೊಂಡಿತು ಎಂದ ಮಾತ್ರಕ್ಕೆ ಸರಿಯಾಯಿತು ಎಂದಲ್ಲ. ಇತ್ತೀಚಿನ ಬೂಟುಗಳಿಗೆ ನಡೆಯಲು ಅನುಕೂಲವಾಗುವ ಬಾಗಿದ ಗ್ರಿಪ್‌ವಾಕ್ ಅಟ್ಟೆ ಇರುತ್ತದೆ. ಹಳೆಯ ಎಷ್ಟೋ ಬೈಂಡಿಂಗ್‌ಗಳು ಅದಕ್ಕೆ ಹೊಂದುವುದಿಲ್ಲ. ಅಂಗಡಿಯಲ್ಲಿ ಯಂತ್ರಕ್ಕೆ ಹಾಕಿ ಪರೀಕ್ಷಿಸಲು ಕೊಡುವ ಹಣ ಇಡೀ ಋತುವಿನ ಅತ್ಯುಪಯುಕ್ತ ಖರ್ಚು.

ಇದರ ತದ್ವಿರುದ್ಧದ ತಪ್ಪನ್ನು ಹದಿಹರೆಯದವರು ತಾವೇ ಮಾಡುತ್ತಾರೆ. ಜಿಗಿತದಲ್ಲಿ ಸ್ಕೀ ಕಳಚಿ ಅಂಕ ಹೋಯಿತೆಂದು ಸ್ಕ್ರೂಡ್ರೈವರ್ ಹಿಡಿದು ಡಿನ್ ಏರಿಸಿಕೊಳ್ಳುತ್ತಾರೆ. ಎಷ್ಟೋ ಸಲ ಕಳಚಿದ್ದಕ್ಕೆ ಕಾರಣ ಡಿನ್ ಅಲ್ಲ, ಬೂಟಿನ ಅಡಿಗೆ ಮೆತ್ತಿಕೊಂಡ ಹಿಮ. ಗೇಟಿನಲ್ಲಿ ಸ್ಕೀ ಹಾಕುವ ಮೊದಲು ಅಟ್ಟೆಯನ್ನು ಕೆರೆದು, ಬೈಂಡಿಂಗಿನ ತಟ್ಟೆಯನ್ನು ಕೈಯಿಂದ ಒರೆಸಿದರೆ ಆ ತೊಂದರೆ ಬಹುಪಾಲು ಇಲ್ಲ. ಗೇಟಿನಲ್ಲಿ ನಿಂತ ಸ್ವಯಂಸೇವಕರು ಪ್ರತಿ ಮಗುವಿಗೂ ಇದನ್ನು ನೆನಪಿಸಬೇಕು.

ಹೆಲ್ಮೆಟ್ ಮಾತ್ರ ಕೈಬದಲಾಯಿಸಬಾರದು. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟಿನ ಒಳಗಿನ ಫೋಮ್ ಕುಗ್ಗಿರುತ್ತದೆ, ಹೊರಗೆ ಗೀರೂ ಇರದೆ ಹೋಗಬಹುದು. ಬೆನ್ನಿನ ರಕ್ಷಾಕವಚ ದೇಹದ ಅಳತೆಗೆ ತಕ್ಕದ್ದಿರಬೇಕು. ದೊಡ್ಡದಾದರೆ ಬಿದ್ದಾಗ ಮೇಲಕ್ಕೆ ಸರಿದು ಕುತ್ತಿಗೆಗೆ ಒತ್ತುತ್ತದೆ.

ಹೊತ್ತು ಮತ್ತು ಹಿಮ

80 ಸ್ಪರ್ಧಿಗಳು, ಒಬ್ಬೊಬ್ಬರಿಗೆ ಎರಡು ನಿಮಿಷ ಎಂದರೆ 160 ನಿಮಿಷ. ಯಾರಾದರೂ ಬಿದ್ದು ಸ್ಕೀ ಪ್ಯಾಟ್ರೋಲ್ (ಬೆಟ್ಟದ ಕಾವಲು ಮತ್ತು ರಕ್ಷಣೆಯ ತಂಡ) ಹೋಗಬೇಕಾದರೆ ತಲಾ ಹದಿನೈದು ಇಪ್ಪತ್ತು ನಿಮಿಷ ಸೇರಿಸಿ. ಹತ್ತಕ್ಕೆ ಶುರುವಾದದ್ದು ಒಂದೂವರೆಗೆ ಮುಗಿದರೆ ಅದೃಷ್ಟ. ಅಷ್ಟರಲ್ಲಿ ಹಿಮ ಬದಲಾಗಿರುತ್ತದೆ. ಮೊದಲ ಹತ್ತು ಜನ ಜಿಗಿದು ಬಿದ್ದ ಜಾಗದಲ್ಲಿ ಗುಂಡಿ ಬೀಳುತ್ತದೆ, ಹನ್ನೊಂದನೆಯವರು ಆ ಗುಂಡಿಗೇ ಬಿದ್ದರೆ ಮುಂದಕ್ಕೆ ಮಗುಚುತ್ತಾರೆ. ಬಿಸಿಲು ಬೀಳುವ ಮಗ್ಗುಲಲ್ಲಿ ಬೆಳಗ್ಗೆ ಗಡಸು, ನಡುಹಗಲು ಮೆತ್ತಗೆ, ಮೋಡ ಬಂದೊಡನೆ ಮೇಲ್ಪದರ ಮತ್ತೆ ಗಟ್ಟಿ. ಮೋಡ ಇನ್ನೊಂದು ಕಂಟಕ ತರುತ್ತದೆ: ನೆರಳಿಲ್ಲದೆ ಬಿಳಿಯ ಮೇಲೆ ಬಿಳಿ ಕಲಸಿಹೋಗಿ ಏರುತಗ್ಗು ಕಾಣಿಸುವುದೇ ಇಲ್ಲ. ಆಗ ತಡೆಹಿಡಿಯುವುದೊಂದೇ ದಾರಿ. ದೂರದಿಂದ ಬಂದ ಮನೆಯವರು ಗೊಣಗಿದರೂ ಸರಿ.

ಸ್ಪರ್ಧೆಗೆ ಮೊದಲು ಇಬ್ಬರು ಮೂವರು ‘ಫೋರ್‌ರನ್ನರ್’ಗಳು ಇಳಿಯುತ್ತಾರೆ, ಹೆಚ್ಚಾಗಿ ವಯಸ್ಸು ದಾಟಿದ ಹಳೆಯ ಸ್ಪರ್ಧಿಗಳು, ಯಾರದೋ ಅಕ್ಕ, ಯಾರದೋ ಚಿಕ್ಕಪ್ಪ. ಹಿಮ ಹೇಗಿದೆಯೆಂದು ರೇಡಿಯೊದಲ್ಲಿ ಹೇಳುವುದು ಅವರ ಒಂದು ಕೆಲಸ, ತೀರ್ಪುಗಾರರು ತಮ್ಮ ತಮ್ಮ ಅಳತೆಗೋಲು ಒಂದೇ ಇದೆಯೇ ಎಂದು ಹೋಲಿಸಿ ನೋಡಲು ಅವರ ಇಳಿತ ಬಳಸಿಕೊಳ್ಳುವುದು ಇನ್ನೊಂದು. ಅದಕ್ಕೂ ಮುಂಚೆ, ಬೆಳಕು ಹರಿಯುವ ಹೊತ್ತಿಗೆ, ಪ್ಯಾಟ್ರೋಲ್‌ನವರು ಹಿಮಕುಸಿತದ ಅಪಾಯ ಪರೀಕ್ಷಿಸಿರುತ್ತಾರೆ. ಅವರು ಬೇಡವೆಂದರೆ ಆ ದಿನ ಸ್ಪರ್ಧೆಯಿಲ್ಲ. ಆ ಮಾತಿಗೆ ಮೇಲ್ಮನವಿಯಿಲ್ಲ.

ಎಲ್ಲ ಎಚ್ಚರಿಕೆಯ ನಡುವೆಯೂ ಈ ಆಟ ಪ್ರಾಣ ತೆಗೆದಿದೆ. ವರ್ಮಾಂಟ್‌ನ ರಯಾನ್ ಹಾಕ್ಸ್ 2011ರಲ್ಲಿ ಕ್ಯಾಲಿಫೋರ್ನಿಯಾದ ಕರ್ಕ್‌ವುಡ್‌ನ ಸ್ಪರ್ಧೆಯಲ್ಲಿ ಬಂಡೆಯಿಂದ ಹಾರಿ ಪೆಟ್ಟು ಮಾಡಿಕೊಂಡು ತೀರಿಕೊಂಡರು. ಮನೆಯವರು ಅವರ ಹೆಸರಿನಲ್ಲಿ ಪ್ರತಿಷ್ಠಾನ ಕಟ್ಟಿದರು. ಸಣ್ಣ ಸ್ಪರ್ಧೆಗಳ ಬಹುಮಾನಗಳಿಗೆ ಹೀಗೆ ಕಳೆದುಕೊಂಡ ಮಗನದೋ ಮಗಳದೋ ಹೆಸರಿರುವುದುಂಟು. ಮೊದಲ ಸ್ಥಾನದ ಬಹುಮಾನಕ್ಕಿಂತ ಮಿಗಿಲಾಗಿ, ಜೊತೆಯವರನ್ನು ಹುರಿದುಂಬಿಸಿದ ಮಗುವಿಗೆ ಆ ಹೆಸರಿನ ಬಹುಮಾನ ಹೋಗುತ್ತದೆ. ಕಿರಿಯರ ಕೆಲವು ಸ್ಪರ್ಧೆಗಳಲ್ಲಿ ತಲೆಕೆಳಗಾಗುವ ಪಲ್ಟಿಗಳಿಗೆ ನಿಷೇಧವಿರುತ್ತದೆ. ಅಂಚಿಗೆ ಬಂದು ‘ಇವತ್ತು ಬೇಡ’ ಎಂದು ಪಕ್ಕದ ಸುಲಭ ದಾರಿಯಲ್ಲಿ ಇಳಿದು ಬಂದ ಮಗುವನ್ನು ಫಿನಿಶ್‌ನಲ್ಲಿ ಮನೆಯವರು ಹೇಗೆ ಬರಮಾಡಿಕೊಳ್ಳುತ್ತಾರೆ ಎಂಬುದರ ಮೇಲೆ ಅದು ಮುಂದಿನ ಸಲ ಸರಿಯಾಗಿ ನಿರ್ಧರಿಸುತ್ತದೋ ಇಲ್ಲವೋ ಎಂಬುದು ನಿಂತಿದೆ.

ಸ್ಕೀ ಬಾರದವರಿಗೂ ಕೆಲಸ

ಕನ್ನಡಿಗರಿಗೆ ಸ್ಕೀ ಪೂರ್ತಿ ಪರಕೀಯವೇನಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಅವರದು ಹಿಮದ ಬಯಲಲ್ಲಿ ದೂರ ಸಾಗುವ ನಾರ್ಡಿಕ್ ಸ್ಕೀ. ಫ್ರೀರೈಡ್‌ಗೆ ಹೇಳಿ ಮಾಡಿಸಿದ ಜಾಗವೆಂದರೆ ಅದೇ ಗುಲ್ಮಾರ್ಗ್‌ನ ಗೊಂಡೊಲಾ (ಕೇಬಲ್ ಕಾರು) ಏರಿ ಸಿಗುವ ಅಫರ್ವತ್ ಬೆಟ್ಟದ ಮಗ್ಗುಲುಗಳು. ಡೆನ್ವರ್, ಸಿಯಾಟಲ್, ಬಾಸ್ಟನ್ ಕಡೆ ನೆಲೆಸಿದ ನಮ್ಮವರ ಮಕ್ಕಳು ಶಾಲೆಯ ಗೆಳೆಯರ ಜೊತೆ ಸ್ಕೀ ಕ್ಲಬ್ಬಿಗೆ ಸೇರಿದಾಗ, ಹಿಮದ ಮೇಲೆ ಎರಡು ಹೆಜ್ಜೆ ಇಡಲು ಬಾರದ ಅಪ್ಪ ಅಮ್ಮ ಸಂಕೋಚದಿಂದ ಕಾರಿನಲ್ಲೇ ಉಳಿಯುವುದುಂಟು. ಸಂಕೋಚ ಬೇಡ. ಅಂಕ ಬರೆಯಲು, ಬಿಬ್ ಎಣಿಸಲು, ಹೆಸರು ನೋಂದಾಯಿಸಲು, ಅಂಕ ಕೂಡಿಸಲು ಸ್ಕೀ ಬರಬೇಕಾಗಿಲ್ಲ. ನೆಂಟಸ್ತಿಕೆ ಕಡಿಮೆ ಇರುವ ಹೊಸಬರು ಅಂಕದ ಹಾಳೆಯ ಪಕ್ಕಕ್ಕೆ ಸಿಕ್ಕರೆ ಆಯೋಜಕರಿಗೆ ಖುಷಿ.

ಹೋಗುವವರು ಇಷ್ಟು ಮಾಡಿ: ಮೂರು ಗಂಟೆ ಕೂರಬೇಕು, ಕಾಲಡಿಗೆ ಹಳೆಯ ಫೋಮ್ ಚಾಪೆ ಹಾಸಿ, ಚಳಿ ಏರುವುದು ಅಡಿಯಿಂದ. ಬರೆಯುವ ಕೈಗೆ ತೆಳು ಗ್ಲೌಸ್, ಅದರ ಮೇಲೆ ದಪ್ಪದ್ದು. ಎರಡು ಪೆನ್ಸಿಲ್, ಒಂದು ಒಳಜೇಬಿನಲ್ಲಿ. ಹಾಳೆಯ ಮೇಲೆ ಹಿಮ ಬೀಳದಂತೆ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲ, ಕೈ ತೂರಿಸಿ ಒಳಗೇ ಬರೆಯಬಹುದು. ಫೋನನ್ನು ಮೈಗೆ ತಾಗುವಂತೆ ಇಟ್ಟುಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ.

ಕೊನೆಯ ಸ್ಪರ್ಧಿ ಇಳಿದ ಮೇಲೆ ಪ್ಯಾಟ್ರೋಲ್‌ನವರು ಫೇಸ್ ಪೂರ್ತಿ ಒಮ್ಮೆ ಜಾಲಾಡುತ್ತಾರೆ. ಮೇಲಿನಿಂದ ಕೆಳಕ್ಕೆ ಹಗ್ಗ ಸುತ್ತುತ್ತ, ಅದನ್ನು ಕಟ್ಟಲು ನೆಟ್ಟ ಬಿದಿರಿನ ಕಡ್ಡಿಗಳನ್ನು ಕೀಳುತ್ತ ಬರಬೇಕು, ಒಂದು ಕಡ್ಡಿ ಉಳಿದರೂ ರಾತ್ರಿ ಹಿಮ ಬಿದ್ದು ಮುಚ್ಚಿ ಮರುದಿನ ಯಾರದೋ ಕಾಲಿಗೆ ಸಿಗುತ್ತದೆ. ಫಿನಿಶ್‌ನಲ್ಲಿ ಬಿಬ್‌ಗಳನ್ನು ಸಂಖ್ಯೆಯ ಸಾಲಿನಲ್ಲಿ ಜೋಡಿಸಿ ಎಣಿಸುತ್ತಾರೆ. ಎಂಬತ್ತು ಕೊಟ್ಟದ್ದು, ಎಪ್ಪತ್ತೊಂಬತ್ತು ಬಂದಿದ್ದರೆ ಮೊದಲು ಕೇಳುವ ಪ್ರಶ್ನೆ ಬಿಬ್ ಎಲ್ಲಿ ಎಂದಲ್ಲ, ಮಗು ಎಲ್ಲಿ ಎಂದು. ಆ ಸಂಖ್ಯೆಯ ಮಗು ಕಣ್ಣಿಗೆ ಬೀಳುವವರೆಗೆ ಪ್ಯಾಟ್ರೋಲ್‌ನವರನ್ನು ಮನೆಗೆ ಕಳಿಸುವಂತಿಲ್ಲ. ಹೆಚ್ಚಿನ ಸಲ ಅದು ಜಾಕೆಟ್ಟಿನೊಳಗೆ ಬಿಬ್ ತೊಟ್ಟುಕೊಂಡೇ ಅಜ್ಜಿಯ ಪಕ್ಕ ಕೂತು ಸೂಪ್ ಕುಡಿಯುತ್ತಿರುತ್ತದೆ.